ಹಂಚದ ಗುಟುಕು

ಶಿಬಿರದ ಮೂರನೆಯ ದಿನ ಸಂಜೆ ಆರೂವರೆಗೆ ಕರೆಂಟು ಹೋಯಿತು. ಮಧ್ಯಾಹ್ನದಿಂದ ಬಿಡದೆ ಹೊಡೆಯುತ್ತಿದ್ದ ಮಳೆ ಸಮುದಾಯ ಭವನದ ತಗಡಿನ ಮೇಲೆ ಇನ್ನೂ ಜೋರಾಯಿತು. ನೊಣವಿನಕೆರೆ ರಸ್ತೆಯ ಆ ಭವನದ ಸುತ್ತ ಎತ್ತ ನೋಡಿದರೂ ತೆಂಗಿನ ತೋಟ. ಒಳಗೆ ಜಮಖಾನದ ಮೇಲೆ ನಲವತ್ತೊಂದು ಗಂಡಸರು. ಕಾಯಿ ಸುಲಿಯುವವರು, ಲಾರಿ ಓಡಿಸುವವರು, ಒಬ್ಬ ಹೈಸ್ಕೂಲು ಮೇಷ್ಟ್ರು, ಗಾಂಜಾ ಬಿಡಿಸಲೆಂದು ಅಪ್ಪ ಕರೆತಂದು ಬಿಟ್ಟುಹೋದ ಒಬ್ಬ ಎಂಜಿನಿಯರು, ತನ್ನ ಅಂಗಡಿಯ ಕೆಮ್ಮಿನ ಔಷಧಿಯನ್ನು ತಾನೇ ಬಾಟಲಿಗಟ್ಟಲೆ ಕುಡಿಯುತ್ತಿದ್ದ ಒಬ್ಬ ಮೆಡಿಕಲ್ ಸ್ಟೋರಿನವನು. ಕುಡಿತ ಬಿಡಿಸುವ ಎಂಟು ದಿನದ ಶಿಬಿರದಲ್ಲಿ ಮೂರನೆಯ ದಿನವೇ ಕಷ್ಟದ್ದು. ಕೈ ನಡುಗುತ್ತದೆ, ಮೈ ಬೆವರುತ್ತದೆ, ಪಕ್ಕದವನು ಕೆಮ್ಮಿದರೂ ಸಿಟ್ಟು ಬರುತ್ತದೆ.

ಶಿಬಿರ ನಡೆಸುವ ರೇವಣಸಿದ್ದಯ್ಯ ಸಂಜೆಯ ಭಾಷಣಕ್ಕೆ ಡಾಕ್ಟರನ್ನು ಕರೆತರಲು ತಿಪಟೂರಿಗೆ ಹೋಗಿ, ಹಳ್ಳ ತುಂಬಿದ್ದರಿಂದ ಆಚೆಯೇ ಸಿಕ್ಕಿಹಾಕಿಕೊಂಡಿದ್ದರು. ಭಜನೆ ಮುಗಿದಿತ್ತು, ಊಟಕ್ಕೆ ಇನ್ನೂ ಹೊತ್ತಿತ್ತು. ಬಾಗಿಲ ಬಳಿ ಕೂತಿದ್ದ ಜ್ಞಾನೇಶ್ ಒಮ್ಮೆ ಒಳಗೆ ಒಮ್ಮೆ ಹೊರಗೆ ನೋಡುತ್ತಿದ್ದ. ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಮಗ, ಮೂವತ್ತೆರಡು ವರ್ಷ. ತಾನು ಈ ಕುಡುಕರ ಹಾಗಲ್ಲ, ಅಪ್ಪನ ಬಲವಂತಕ್ಕೆ ಬಂದಿದ್ದೇನೆ ಎಂದು ಮೂರು ದಿನದಿಂದ ಕಂಡವರಿಗೆಲ್ಲ ಹೇಳಿಕೊಂಡಿದ್ದ.

ಅಷ್ಟರಲ್ಲಿ ಅಡುಗೆಯ ಏಕಾಂತಯ್ಯ ಟವೆಲಿಗೆ ಕೈ ಒರೆಸಿಕೊಳ್ಳುತ್ತ ಒಂದು ಚಾರ್ಜರ್ ಲೈಟು ಹಿಡಿದು ಬಂದರು. ಎಪ್ಪತ್ತೆಂಟು ವರ್ಷದ ಮುದುಕ. ಹಣೆಯ ಮೇಲಿನ ವಿಭೂತಿ ಬೆವರಿಗೆ ಅಳಿಸಿತ್ತು, ನಾಲಗೆ ಮಾತ್ರ ಯಾವಾಗಲೂ ಚುರುಕು. ಮಗುಚಿ ಹಾಕಿದ್ದ ಅನ್ನದ ದೊಡ್ಡ ಕೊಳದಪ್ಪಲೆಯ ಮೇಲೆ ಕೂತು, ಲೈಟನ್ನು ನೆಲದ ಮೇಲಿಟ್ಟರು. ಜನ ಒಬ್ಬೊಬ್ಬರಾಗಿ ಹತ್ತಿರ ಸರಿದರು.

“ಏನ್ರಪ್ಪಾ, ಎಲ್ರೂ ಮುಖ ಗಂಟು ಹಾಕ್ಕೊಂಡು ಕೂತಿದ್ದೀರಿ? ಭಾಷಣದೋರು ಬರಲ್ಲ. ನಾನೇ ಒಂದು ಹೇಳ್ತೀನಿ. ಭಾಷಣ ಅಲ್ಲ, ದೆವ್ವದ್ದು” ಎಂದರು.

“ದೆವ್ವ ಗಿವ್ವ ಎಲ್ಲ ಕುಡಿದೋರಿಗೆ ಕಾಣೋದು ಬುಡಿ ಅಯ್ನೋರೇ” ಎಂದ ಜ್ಞಾನೇಶ್. ನಾಲ್ಕು ಜನ ನಕ್ಕರು.

“ಹೌದಪ್ಪ, ನೀನು ಹೇಳಿದ್ದು ನಿಜ. ಈ ದೆವ್ವ ಕುಡಿದೋರಿಗೇ ಕಾಣೋದು” ಎಂದು ಏಕಾಂತಯ್ಯ ನಗದೆ ಹೇಳಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

ಇದು ದಂಡಿನಶಿವರದ ಕಡೆ ಒಂದೂರಲ್ಲಿ ನಡೆದದ್ದು. ಊರಿನ ಹೆಸರು ಬೇಡ, ಅಲ್ಲಿಯೋರು ಇಬ್ರು ಇಲ್ಲೇ ಕೂತವ್ರೆ, ಪಾಪ, ಅವ್ರಿಗ್ಯಾಕೆ ಮುಜುಗರ. ನಾನು ಆ ಊರಲ್ಲಿ ಹನ್ನೆರಡು ವರ್ಷ ಬಾಡಿಗೆಗಿದ್ದೆ. ಮದುವೆ, ತಿಥಿ, ನಾಮಕರಣ, ಸುತ್ತಲ ಯಾವೂರಿಂದ ಕರೆದ್ರೂ ಸೌಟು ಹಿಡ್ಕೊಂಡು ಹೋಗೋನು. ನನ್ನ ಮನೆ ಗೋಡೆಗೆ ಅಂಟಿದ ಗೋಡೆ ಮಧುಶ್ರೀದು. ಈ ಕತೆ ಆ ಹೆಣ್ಣುಮಗಳದ್ದು.

ಅವಳ ಗಂಡ ಕಾಂತೇಶ. ಕಾಯಿ ಸುಲಿಯೋದ್ರಲ್ಲಿ ಆ ಸೀಮೇಲೇ ಅವನ ಸಮ ಇರ್ಲಿಲ್ಲ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ ಮುಂದೆ ನಿಂತ ಅಂದ್ರೆ ಕೈ ಕಾಣ್ತಿರ್ಲಿಲ್ಲ, ಸಿಪ್ಪೆ ಹಾರೋದು ಮಾತ್ರ ಕಾಣೋದು. ಆದ್ರೆ ದಿನಕ್ಕೆ ಸಾವಿರ ಕಾಯಿ ಸುಲಿದ ಭುಜ ಸುಮ್ನಿರುತ್ತಾ ಹೇಳಿ? ನೋಯುತ್ತೆ. ಕಾಯಿ ಕೊಂಡೋರು ಕೂಲಿ ಜೊತೆ ಒಂದು ಎಣ್ಣೆ ಪ್ಯಾಕೆಟ್ಟೂ ಕೊಡೋರು. ಮೊದ್ಲು ಕೆಲಸ ಆದ್ಮೇಲೆ ಕುಡೀತಿದ್ದ. ಆಮೇಲೆ ಕೆಲಸಕ್ಕೆ ಮುಂಚೆ. ಆಮೇಲೆ... ನಿಮ್ಗೆ ನಾನು ಹೇಳ್ಬೇಕಾ? ಆ ಊರಲ್ಲಿ ಬಾರ್ ಇಲ್ಲ. ಆದ್ರೆ ಪೆಟ್ಟಿಗೆ ಅಂಗಡಿ ಏಳವೆ, ಏಳರಲ್ಲೂ ಸೋಪಿನ ಡಬ್ಬದ ಹಿಂದೆ ಪ್ಯಾಕೆಟ್ಟು ಇಟ್ಟವ್ರೆ. ಮಗೂಗೆ ಜ್ವರದ ಮಾತ್ರೆ ಬೇಕು ಅಂದ್ರೆ ಬಸ್ಸು ಹತ್ತಬೇಕು.

ಕಾಂತೇಶನದ್ದು ಒಂದು ಗುಣ ಇತ್ತು. ತನ್ನ ಬಾಟಲು ಯಾರಿಗೂ ಕೊಡ್ತಿರ್ಲಿಲ್ಲ. ಅನ್ನ ಹಾಕೋನು, ಬೀಡಿ ಕೊಡೋನು, ಉಟ್ಟ ಲುಂಗಿ ಕೇಳಿದ್ರೂ ಬಿಚ್ಚಿ ಕೊಡೋನು, ಬಾಟಲಿಗೆ ಮಾತ್ರ ಒಡಹುಟ್ಟಿದ ತಮ್ಮನೂ ಕೈ ಹಾಕಂಗಿಲ್ಲ. ಕುಡಿಯೋಕೆ ಮುಂಚೆ ಬಾಟಲಿನ ಬಾಯಿನ ಅಂಗೈಲಿ ಮೆಲ್ಲಗೆ ಒರೆಸೋನು... ಹಿಂಗೆ... ಎಡದಿಂದ ಬಲಕ್ಕೆ ಒಂದ್ಸಲ. ಆಮೇಲೇ ಎತ್ತೋನು. ಜನ ನಗಾಡೋರು, ಕಾಂತೇಶ ಹೆಂಡ್ತಿನಾದ್ರೂ ಬಿಟ್ಟುಕೊಟ್ಟಾನು ಬಾಟಲು ಬಿಟ್ಟುಕೊಡಲ್ಲ ಅಂತ. ಮಧುಶ್ರೀ ಆ ಮಾತು ಕೇಳಿಸ್ಕೊಂಡಿದ್ಳು. ಕಟ್ಟಿಕೊಂಡೋಳಿಗೆ ಅದು ತಮಾಷೆಯಾ? ಅವಳ ಮುಖಾನ ಅವನು ಒಂದ್ಸಲಾನೂ ಅಷ್ಟು ಮೆಲ್ಲಗೆ ಮುಟ್ಟಿರ್ಲಿಲ್ಲ. ಬೇರೆ ಹೆಣ್ಣಾಗಿದ್ರೆ ಹೋಗಿ ಜಡೆ ಹಿಡಿದು ಎಳೀಬಹುದಿತ್ತು, ಗಾಜಿನ ಬಾಟಲಿಗೆ ಏನು ಮಾಡ್ತಾಳೆ?

ಅದೇ ಅಂಗಳದ ಎದುರುಗಡೆ ತಮ್ಮ ತಿಮ್ಮೇಶನ ಮನೆ, ಅವನ ಹೆಂಡ್ತಿ ಮೋನಿಕಾ. ತಿಮ್ಮೇಶನೂ ಅಣ್ಣನಷ್ಟೇ ಕುಡೀತಿದ್ದ. ಏಳು ವರ್ಷದ ಹಿಂದೆ ಇಂಥದ್ದೇ ಶಿಬಿರ ಬಂದಾಗ ಮೋನಿಕಾ ಎರಡು ಅರ್ಜಿ ತಂದು, “ಅಕ್ಕಾ, ಇಬ್ರನ್ನೂ ಕಳ್ಸನ” ಅಂದ್ಳು. ಮಧುಶ್ರೀಗೆ ಎಲ್ಲಿತ್ತೋ ಸಿಟ್ಟು. “ನನ್ ಗಂಡ ಬೀದೀಲಿ ಬಿದ್ದು ಹೊಳ್ಳಾಡೋ ಕುಡುಕ ಅಲ್ಲ ಕಣೇ. ನಿಂದು ನೀನು ನೋಡ್ಕೊ” ಅಂದ್ಳು. ಊರಿನ ಮುಂದೆ ಗಂಡ ಕುಡುಕ ಅಂತ ಬರೆದುಕೊಡೋಕೆ ನಾಚಿಕೆ. ಎಷ್ಟು ಮನೇಲಿ ಹಿಂಗಾಗಿಲ್ಲ ಹೇಳಿ? ಅರ್ಜಿ ಹರಿದು ಒಲೆಗೆ ಹಾಕಿದ್ಳು.

ತಿಮ್ಮೇಶ ಹೋದ, ಎಂಟು ದಿನ ಇದ್ದ, ಬಂದ. ಬಿಟ್ಟೇಬಿಟ್ಟ ಕಣ್ರಪ್ಪಾ. ಗೂಡ್ಸ್ ಆಟೋ ತಗೊಂಡು ತಿಪಟೂರಿಗೆ ಕಾಯಿ ಸಾಗಿಸೋಕೆ ಶುರುಮಾಡಿದ. ಅಣ್ಣ ಎರಡು ವರ್ಷಕ್ಕೆ ಮಲಗಿದ. ಕಣ್ಣು ಹಳದಿ, ಹೊಟ್ಟೆ ಊದಿ, ಕಾಲು ಊದಿ... ತುಮಕೂರಿನ ಆಸ್ಪತ್ರೆಲಿ ಹದಿನೇಳು ದಿನ. ಕೊನೇ ದಿನ ಮಧುಶ್ರೀ ಕೈ ಹಿಡ್ಕೊಂಡು ಏನೋ ಹೇಳೋಕೆ ನೋಡಿದ. ಇಷ್ಟು ವರ್ಷಕ್ಕೆ ಒಂದು ಒಳ್ಳೆ ಮಾತು ಹೇಳ್ತಾನೇನೋ ಅಂತ ಅವಳು ಬಗ್ಗಿ ಕಿವಿ ಕೊಟ್ಳು. “ಒಂದ್ ಗುಟುಕು ತಂದ್ಕೊಡೇ” ಅಂದ. ಇಲ್ಲ ಅಂದ್ಳು. ಅವನು ಕೈ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ, ಹಂಗೇ ಹೋದ. ಮೂವತ್ತೆಂಟು ವರ್ಷ.

ಈಗ ಆ ಅಂಗಳ ನೆನೆಸ್ಕೊಳ್ಳಿ. ಇತ್ತಾಗೆ ಮಧುಶ್ರೀ, ಅತ್ತೆ ಚಿಕ್ಕಗಂಗಮ್ಮ, ಇಬ್ರೇ. ಅತ್ತಾಗೆ ಸಂಜೆ ಆರಕ್ಕೆ ಆಟೋ ಬರುತ್ತೆ, ಎರಡು ಸಲ ಹಾರನ್ ಹೊಡೀತಾನೆ, ಮೋನಿಕಾ ಸೆರಗಿಗೆ ಕೈ ಒರೆಸ್ಕೊಂಡು ಬಂದು ಬ್ಯಾಗು ಇಸ್ಕೊಳ್ತಾಳೆ. ಒಗ್ಗರಣೆ ವಾಸನೆ ಬರುತ್ತೆ. ಭಾನುವಾರ ಇಬ್ರೂ ದೋಸೆ ತಿನ್ನೋಕೆ ತಿಪಟೂರಿಗೆ ಹೋಗ್ತಾರೆ. ಮಧುಶ್ರೀ ಹಾರನ್ ಸದ್ದಿಗೆ ಕಿಟಕಿ ಬಾಗಿಲು ಹಾಕೋಳು, ಹಾಕಿ ಸಂದಿಯಿಂದ ನೋಡೋಳು. ಒಂದೇ ತಾಯಿ ಮಕ್ಕಳು, ಒಂದೇ ಅಂಗಡೀಲಿ ಕುಡಿದೋರು, ನನ್ ಗಂಡ ಮಣ್ಣಾದ, ಅವಳ ಗಂಡ ದೋಸೆ ತಿಂತಾವ್ನೆ... ಹೊಟ್ಟೆ ಉರೀತಿತ್ತು. ನನ್ನ ಹತ್ರಾನೇ ಹೇಳ್ಕೊಂಡಿದ್ಳು, “ಅಯ್ನೋರೇ, ಅವಳು ಅಂಗಳ ಗುಡಿಸೋ ಸದ್ದಿಗೂ ನಂಗೆ ಉರಿ ಹತ್ತುತ್ತೆ” ಅಂತ. ಆ ಹರಿದುಹಾಕಿದ ಅರ್ಜಿ ಒಳಗೊಳಗೇ ಚುಚ್ತಿತ್ತು. ತನ್ನ ತಪ್ಪು ತನಗೆ ಗೊತ್ತಿದ್ದಾಗ ಬೇರೇರ ಸುಖ ಜಾಸ್ತಿ ಕಣ್ಣಿಗೆ ಬೀಳುತ್ತೆ, ಅಲ್ವಾ?

ಕಾಂತೇಶ ಹೋದ ಎರಡನೇ ವರ್ಷ ಹಿರೀರ ಹಬ್ಬ ಬಂತು. ನಿಮ್ಮಲ್ಲಿ ಎಡೆ ಇಡೋರಿಗೆ ಗೊತ್ತು, ಗೊತ್ತಿಲ್ಲದೋರಿಗೆ ಹೇಳ್ತೀನಿ. ಸತ್ತೋರ ಹೆಸರಲ್ಲಿ ಬಾಳೆಎಲೆ ಹಾಕಿ, ಅವ್ರಿಗೆ ಏನು ಇಷ್ಟವೋ ಅದೆಲ್ಲ ಬಡಿಸ್ತಾರೆ. ಹೊಸ ಪಂಚೆ, ಪಾಯಸ, ವಡೆ, ಬಾಡು, ಬೀಡಿ ಸೇದೋರಿಗೆ ಬೀಡಿ, ಕುಡಿಯೋರಿಗೆ ಅದೂವೆ. ಬಡಿಸಿ, ಬಾಗಿಲು ಮುಂದಕ್ಕೆ ಎಳ್ಕೊಂಡು ಎಲ್ರೂ ಹೊರಗೆ ಬಂದು ಕೂರ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಒಬ್ರು ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗ್ತಾರೆ. ಒಳಗಿದ್ದೋರು ಎದ್ದುಹೋಗ್ಲಿ ಅಂತ. ಆಮೇಲೆ ಎಡೇಲಿ ಇಟ್ಟದ್ದು ಮನೆಯವ್ರಿಗೆಲ್ಲ ಪ್ರಸಾದ. ಎಣ್ಣೆ ಇಟ್ಟಿದ್ರೆ ಗಂಡಸರು ಒಂದೊಂದು ಮುಚ್ಚಳ ತಗೋಬೇಕು. ಬೇಡ ಅನ್ನಂಗಿಲ್ಲ, ಸತ್ತೋರಿಗೆ ಅವಮಾನ ಮಾಡಿದಂಗೆ.

ಗೊತ್ತಾಯ್ತಾ ಅವಳ ಲೆಕ್ಕಾಚಾರ?

ಚಿಕ್ಕಗಂಗಮ್ಮ, “ಬೇಡ ಕಣವ್ವ, ಅದೇ ನನ್ ಮಗನ್ನ ತಿಂದಿದ್ದು, ಅದನ್ನೇ ಎಡೆಗೆ ಇಡ್ತೀಯ?” ಅಂತ ಅತ್ಳು. ಮಧುಶ್ರೀ ಕೇಳಲಿಲ್ಲ. “ಇಷ್ಟವಾದ್ದು ಇಡದೆ ಇದ್ರೆ ಅವರಿಗೆ ಶಾಂತಿ ಸಿಗಲ್ಲ ಅತ್ತೆ” ಅಂತ ನಯವಾಗಿ ಹೇಳಿ, ಒಂದು ಕ್ವಾರ್ಟರ್ ಬಾಟಲು ತಂದು ಎಲೆ ಪಕ್ಕ ಇಟ್ಳು. ಒಂದು ಮುಚ್ಚಳ ಸಾಕು ತಿಮ್ಮೇಶನಿಗೆ. ನಾಲ್ಕು ವರ್ಷ ಬಿಟ್ಟೋನು ಒಂದು ಮುಚ್ಚಳಕ್ಕೆ ಮತ್ತೆ ಬೀಳ್ತಾನೆ ಅಂತ ಅವಳಿಗೆ ಗೊತ್ತು. ನಿಮ್ಗೂ ಗೊತ್ತು. ಮೋನಿಕಾ ಬಾಗಿಲಲ್ಲಿ ಆ ಹಾರನ್ ನಿಂತುಹೋಗ್ಲಿ, ಅಷ್ಟೇ ಅವಳಿಗೆ ಬೇಕಿದ್ದದ್ದು.

ಪಾಯಸ, ವಡೆ ನಾನೇ ಮಾಡಿಕೊಟ್ಟಿದ್ದೆ. ನಾನೂ ಹೊರಗೆ ಜಗುಲಿ ಮೇಲೆ ಕೂತಿದ್ದೆ. ಬಾಗಿಲು ತೆಗೆದ್ರು. ಬಾಟಲಿನ ಸೀಲು ಹಂಗೇ ಇತ್ತು, ಎಲ್ರ ಎದುರಿಗೇ ಮಧುಶ್ರೀ ಅದನ್ನ ಕಿರ್ರ್ ಅಂತ ತಿರುಗಿಸಿ ತೆಗೆದ್ಳು. ಮುಚ್ಚಳಕ್ಕೆ ಬಗ್ಗಿಸಿ, “ತಗೋ ತಿಮ್ಮೇಶ, ನಿಮ್ಮಣ್ಣಂದು” ಅಂದ್ಳು. ಮೋನಿಕಾ, “ಅಕ್ಕಾ ಬ್ಯಾಡ, ನಿನ್ ಕಾಲಿಗೆ ಬೀಳ್ತೀನಿ” ಅಂತ ಬಿದ್ದೇಬಿಟ್ಳು. ನೆಂಟರೆಲ್ಲ, ಒಂದು ಮುಚ್ಚಳಕ್ಕೆ ಏನಾಗುತ್ತೆ ತಗೋ ಅಂತಾರೆ. ತಿಮ್ಮೇಶ ಮುಚ್ಚಳ ಇಸ್ಕೊಂಡ. ಅಣ್ಣನ ಫೋಟೋ ನೋಡ್ದ, ಕಣ್ಣು ಮುಚ್ಚಿ ಬಾಯಿಗೆ ಹಾಕ್ಕೊಂಡ...

“ಅತ್ಗೆ, ಇದು ನೀರು” ಅಂದ.

ಅಂಗಡಿಯವನು ಮೋಸ ಮಾಡವ್ನೆ ಅಂತ ಗಲಾಟೆಯಾಯ್ತು. ಬಾಟಲು ಕೈಯಿಂದ ಕೈಗೆ ಹೋಯ್ತು. ನಾನು ಜೀವಮಾನದಲ್ಲಿ ಮುಟ್ಟಿದೋನಲ್ಲ, ಆದ್ರೂ ಅವತ್ತು ಒಂದು ಹನಿ ನಾಲಗೆಗೆ ಹಚ್ಕೊಂಡೆ. ನೀರಿಗೂ ಒಂದು ರುಚಿ ಐತೆ ಕಣ್ರಪ್ಪಾ, ಬಾವೀದು ಬೇರೆ, ಕೊಳವೆ ಬಾವೀದು ಬೇರೆ. ಇದಕ್ಕೆ ಅದೂ ಇರ್ಲಿಲ್ಲ. ಯಾರೋ ಒಳಗಿನ ಸಾರ ಪೂರ್ತಿ ಹೀರಿ ಬಿಟ್ಟಂಗಿತ್ತು. ಪಾಯಸ ತಿಂದು ನೋಡಿದೆ, ಸಿಹಿ ಹಂಗೇ ಇತ್ತು. ಬಾಡು ತಿಂದೋರು ಚೆನ್ನಾಗೈತೆ ಅಂದ್ರು. ಬಂದೋನು ಬಾಟಲು ಬಿಟ್ಟು ಬೇರೇನೂ ಮುಟ್ಟಿರ್ಲಿಲ್ಲ.

ತಿಮ್ಮೇಶ ಅಳೋಕೆ ಶುರುಮಾಡ್ದ. ಅಣ್ಣ ಬಂದು ನನ್ನ ಉಳಿಸ್ದ ಅಂತ. ಮೋನಿಕಾ ಫೋಟೋಕ್ಕೆ ಕೈ ಮುಗಿದ್ಳು. ಉಳಿಸ್ದನಂತೆ... ಸತ್ತೋನಿಗೆ ಅಷ್ಟು ಬುದ್ಧಿ ಇದ್ದಿದ್ರೆ ಬದುಕಿದ್ದಾಗ ಎಲ್ಲಿ ಹೋಗಿತ್ತು? ಅವನು ಉಳಿಸ್ಲಿಲ್ಲ, ಹಂಚಲಿಲ್ಲ, ಅಷ್ಟೇ. ಆದ್ರೆ ಮಧುಶ್ರೀಗೆ ಅದು ಹೊಳೀಲಿಲ್ಲ. ಸತ್ತ ಮೇಲೂ ಬಂದು ಮೋನಿಕಾಗೇ ಒಳ್ಳೇದು ಮಾಡಿಹೋದ ಅಂತ ಮೈಯೆಲ್ಲ ಉರಿದುಹೋಯ್ತು. ನನ್ನ ಕೈಯಾರೆ ಬಡಿಸಿದ ಎಲೆ ಮೂಸಿ ನೋಡಲಿಲ್ಲವಲ್ಲ, ನನ್ನ ಕಡೆ ತಿರುಗಲಿಲ್ಲವಲ್ಲ. ಅವತ್ತು ರಾತ್ರಿ ಅವಳು ಊಟ ಮಾಡ್ಲಿಲ್ಲ.

ಮಾರನೇ ದಿನ ಮಧ್ಯಾಹ್ನ ಅತ್ತೆ ತೋಟಕ್ಕೆ ಹೋದಾಗ ಒಬ್ಳೇ ಎಡೆ ಇಟ್ಳು. ಬಾಟಲು ಇಲ್ಲದೆ. ಅವನಿಗೆ ಇಷ್ಟವಾದ ಹುರುಳಿಕಾಳು ಬಸ್ಸಾರು, ಮುದ್ದೆ. ಬಾಗಿಲು ಎಳ್ಕೊಂಡು ಹೊರಗೆ ಕೂತ್ಳು, ಕೆಮ್ಮಿ ಒಳಗೆ ಹೋಗಿ ತಿಂದು ನೋಡಿದ್ಳು. ಉಪ್ಪು, ಖಾರ, ಎಲ್ಲ ನೆಟ್ಟಗಿತ್ತು. ಬಂದಿಲ್ಲ. ಅದರ ಮಾರನೇ ದಿನ ಒಂದು ಪ್ಯಾಕೆಟ್ಟು ಇಟ್ಳು. ಸಪ್ಪೆ. ಬಂದಿದ್ದ. ಮೂರನೇ ಸಲ ಅವಳು ಹೊರಗೆ ಹೋಗಲಿಲ್ಲ. ಮಾಡಬಾರದ್ದು ಅದು. ಎಡೆ ಇಟ್ಟ ಮೇಲೆ ಬದುಕಿದ್ದೋರು ಒಳಗಿರಬಾರದು. ಅವಳು ಬಾಗಿಲು ಹಾಕಿ ಮೂಲೇಲಿ ಗೋಡೆಗೆ ಒರಗಿ ಕೂತ್ಳು.

ಮೊದ್ಲು ವಾಸನೆ ಬಂತಂತೆ. ಬೀಡಿ, ಹಸಿ ತೆಂಗಿನ ಸಿಪ್ಪೆ, ಬೆವರು... ಹನ್ನೆರಡು ವರ್ಷ ಪಕ್ಕದಲ್ಲಿ ಮಲಗಿದೋನ ವಾಸನೆ. ಆಮೇಲೆ ತಣ್ಣಗೆ ಏನೋ ಮುಂದೆ ಹಾದುಹೋಯ್ತು. ಗುಟುಕ್, ಗುಟುಕ್ ಅಂತ ನುಂಗೋ ಸದ್ದು. “ನಾನು ಕಣ್ರೀ, ಇಲ್ಲೇ ಇದ್ದೀನಿ, ಒಂದ್ಸಲ ಇತ್ತಾಗೆ ನೋಡ್ರೀ” ಅಂದ್ಳು. ಸದ್ದು ನಿಲ್ಲಲಿಲ್ಲ. ಮುಗೀತು, ವಾಸನೆ ಹೋಯ್ತು. ಅವಳು ಆ ಪ್ಯಾಕೆಟ್ಟನ್ನ ಕಾಲಲ್ಲಿ ಒದ್ದು, ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತಿದ್ದು ಗೋಡೆ ಈಚೆಗಿದ್ದ ನನಗೂ ಕೇಳಿಸ್ತು. ಹೋಗಿ ಬಾಗಿಲು ತಟ್ಟಬೇಕಿತ್ತು. ಹೆಂಗಸರ ದುಃಖ, ನನಗ್ಯಾಕೆ ಅಂತ ಸುಮ್ನಾದೆ. ಅದು ನನ್ನ ತಪ್ಪು, ಒಪ್ಕೋತೀನಿ.

ಯಾಕಂದ್ರೆ ಮಾರನೇ ದಿನ ಅವಳಿಗೆ ಒಂದು ಯೋಚನೆ ಬಂತು. ಅವನು ಅದಕ್ಕೆ ಬತ್ತಾನೆ, ನನಗೆ ಬರಲ್ಲ. ಸರಿ... ಅದು ನನ್ನೊಳಗೇ ಇದ್ರೆ?

ಅಲ್ಲೀವರೆಗೂ ಅವಳು ಒಂದು ಹನಿ ಮುಟ್ಟಿದೋಳಲ್ಲ. ಎಡೆ ಮುಂದೆ ಕೂತು, ಮೂಗು ಹಿಡ್ಕೊಂಡು ಬಾಯಿ ತುಂಬ ಕುಡಿದ್ಳು. ಗಂಟಲು ಸುಟ್ಟು ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ವಾಸನೆ ಬಂತು. ತಣ್ಣನೆಯದು ಈ ಸಲ ಹಾದುಹೋಗಲಿಲ್ಲ, ಅವಳ ಮುಂದೆ ಕೂತ್ಕೊಂಡ್ತು. ಉಸಿರು ಮುಖಕ್ಕೆ ತಾಗ್ತು. ಒಂದು ಅಂಗೈ ಬಂದು ಅವಳ ತುಟಿನ ಒರೆಸ್ತು... ಮೆಲ್ಲಗೆ... ಎಡದಿಂದ ಬಲಕ್ಕೆ.

ಪಾಪ, ಅವಳು ಅದನ್ನ ಪ್ರೀತಿ ಅಂದ್ಕೊಂಡ್ಳು.

ಅವತ್ತಿಂದ ಮಧುಶ್ರೀ ಬದಲಾದ್ಳು. ಮಧ್ಯಾಹ್ನ ಆದ್ರೆ ತಲೆ ಬಾಚಿ, ಹೂ ಮುಡಿದು, ಒಳ್ಳೆ ಸೀರೆ ಉಟ್ಟು ಬಾಗಿಲು ಹಾಕ್ಕೊಳ್ಳೋಳು. ಒಳಗಿಂದ ನಗು ಕೇಳೋದು, ಪಿಸುಮಾತು ಕೇಳೋದು. ಊರಿನವ್ರು ಬೇರೆ ಕತೆ ಕಟ್ಟಿದ್ರು, ಯಾರನ್ನೋ ಇಟ್ಕೊಂಡವ್ಳೆ ಅಂತ. ಕುಡಿದಿದ್ದು ಯಾರಿಗೂ ಗೊತ್ತಾಗಲಿಲ್ಲ, ಬಾಯಿ ವಾಸನೆ ಇಲ್ಲ, ನಡಿಗೆ ತಪ್ಪಲ್ಲ, ಮಾತು ತೊದಲಲ್ಲ. ಅವಳು ನುಂಗಿದ್ದನ್ನ ಅವನು ಕುಡೀತಿದ್ದ. ಮೋನಿಕಾ ಮೇಲಿನ ಹೊಟ್ಟೆಕಿಚ್ಚೂ ಹೋಯ್ತು. ಹೋಯ್ತು ಅಂದ್ರೆ ತಿರುಗಿಕೊಂಡ್ತು. ಒಂದಿನ ಅಂಗಳದಲ್ಲಿ ನಿಂತು, “ನಿನ್ ಗಂಡ ಆರು ಗಂಟೆಗೆ ಬತ್ತಾನೆ ಕಣೇ. ನನ್ ಗಂಡ ಕರೆದಾಗ ಬತ್ತಾನೆ” ಅಂದ್ಳು. ಮೋನಿಕಾಗೆ ಮೈ ಜುಂ ಅಂತಂತೆ.

ದಿನಕ್ಕೊಂದು ಪ್ಯಾಕೆಟ್ಟು ಎರಡಾಯ್ತು, ನಾಲ್ಕಾಯ್ತು. ಕುಡೀದೆ ಇದ್ರೆ ಅವನು ಬರಲ್ಲ. ಕುಡಿದಿದ್ದು ಮುಗಿದ್ರೆ ಇರಲ್ಲ. ಆರು ತಿಂಗಳಿಗೆ ಅವಳ ಕಣ್ಣು ಹಳದಿಯಾಯ್ತು. ತಿಮ್ಮೇಶ ಆಟೋದಲ್ಲಿ ಕೂರಿಸ್ಕೊಂಡು ತಿಪಟೂರಿಗೆ ಹೋದ. ಇಪ್ಪತ್ತು ವರ್ಷ ಕುಡಿದೋರ ಲಿವರ್ ಇದು ಅಂದ್ರು ಡಾಕ್ಟ್ರು. ವಾಪಸ್ಸು ಬಂದ ದಿನ ನನ್ನ ಜಗುಲಿ ಮೇಲೆ ಬಂದು ಕೂತು ಎಲ್ಲ ಹೇಳಿದ್ಳು, ಮೊದ್ಲಿಂದ ಕೊನೇವರೆಗೆ. ನಾನು ಈಗ ನಿಮ್ಗೆ ಹೇಳ್ತಿರೋದು ಅದನ್ನೇ. “ಬಿಟ್ಬುಡು ತಾಯಿ” ಅಂದೆ.

“ಅಯ್ನೋರೇ,” ಅಂದ್ಳು, “ಮೊದಮೊದ್ಲು ನನ್ನ ನೋಡ್ತಾನೆ ಅಂದ್ಕೊಂಡಿದ್ದೆ. ಅವನು ನನ್ ಮುಖ ನೋಡಲ್ಲ. ಗಂಟಲು ನೋಡ್ತಾನೆ. ತುಟಿ ಒರೆಸ್ತಾನಲ್ಲ... ಅದು ಬಾಟಲಿನ ಬಾಯಿ ಒರೆಸ್ತಿದ್ದಂಗೆ ಕಣ್ರೀ. ಗೊತ್ತು ನಂಗೆ. ಆದ್ರೂ ಬೇರೆ ಯಾವುದ್ರ ಬಾಯಿನೂ ಒರೆಸ್ತಿಲ್ಲವಲ್ಲ. ನಂದೊಂದೇ ಅಲ್ವಾ?”

ನಾನು ಎದ್ದು ಹೋಗಿ ತಿಮ್ಮೇಶನನ್ನ ಕರೆದೆ.

ಇಲ್ಲಿಗೆ ಬಂದಾಗ ಏಕಾಂತಯ್ಯ ನಿಲ್ಲಿಸಿದರು. ಬಾಗಿಲ ಬಳಿಯ ಜ್ಞಾನೇಶ್ ಎದ್ದು, “ಒಂದಕ್ಕೆ ಹೋಗಿ ಬತ್ತೀನಿ” ಎಂದು ಹೊರಗೆ ಹೋದ. ಮುದುಕ ಅವನು ಹೋದತ್ತ ನೋಡಿ, ಮತ್ತೆ ಮಾತು ಹಿಡಿದರು.

ತಿಮ್ಮೇಶ, ಮೋನಿಕಾ ಅವಳನ್ನ ಇಂಥದ್ದೇ ಶಿಬಿರಕ್ಕೆ ಕರ್ಕೊಂಡು ಬಂದ್ರು. ಹೆಂಗಸರಿಗೆ ಜಾಗ ಇಲ್ಲ ಅಂತ ರೇವಣಸಿದ್ದಯ್ಯ ಎಷ್ಟು ಹೇಳಿದ್ರೂ ಕೇಳದೆ ಮೋನಿಕಾ ಅವರ ಕಾಲು ಹಿಡಿದ್ಳು. ನೋಡಿ, ಯಾರ ಮನೆ ಕೆಡಿಸೋಕೆ ಹೊರಟಿದ್ಳೋ ಅವಳೇ. ಕೊನೆಗೆ ಪಾತ್ರೆ ಇಡೋ ಕೋಣೆ ಖಾಲಿ ಮಾಡಿ, ಅತ್ತೆ ಚಿಕ್ಕಗಂಗಮ್ಮನ್ನ ಜೊತೆಗಿಟ್ಟು ಸೇರಿಸ್ಕೊಂಡ್ರು. ಎಲ್ಲಿ ಅಂತೀರಾ? ಇದೇ ಭವನ. ಆ ಕೋಣೆ ಅಗೋ, ಅದೇ. ಎರಡು ವರ್ಷ ಆಯ್ತು. ಅಡುಗೆಗೆ ನಾನೇ ಇದ್ದೆ.

ಎರಡು ದಿನ ಗಂಜಿ ಕುಡಿದು ಮಲಗಿದ್ಳು. ಮೋನಿಕಾ ದಿನಾ ಆಟೋದಲ್ಲಿ ಬಂದು ತಲೆ ಬಾಚಿದ್ರೆ ಬಾಚಿಸ್ಕೊಂಡ್ಳು. ಕಣ್ಣಲ್ಲಿ ಒಂದಿಷ್ಟು ಬೆಳಕು ಬಂದಂಗಿತ್ತು. ಉಳ್ಕೋತಾಳೆ ಅಂತ ನಾನೂ ಅಂದ್ಕೊಂಡೆ. ಮೂರನೇ ದಿನ ಸಂಜೆ, ಇದೇ ಹೊತ್ತು, ನಿಮ್ಮ ಹಂಗೇ ಗಂಡಸರೆಲ್ಲ ಇಲ್ಲಿ ಕೂತಿದ್ರು. ನಾನು ಅವಳಿಗೆ ಗಂಜಿ ತಗೊಂಡು ಹೋದೆ. ಕೋಣೆ ಬಾಗಿಲಲ್ಲಿ ನಿಂತು ಇತ್ತಾಗೆ ನೋಡ್ತಿದ್ಳು. “ಬಂದವ್ನೆ” ಅಂದ್ಳು. “ಯಾರವ್ವ?” ಅಂದೆ. ಕೈ ತೋರಿಸಿದ್ಳು. ನನಗೇನೂ ಕಾಣ್ಲಿಲ್ಲ. ಅವಳಿಗೆ ಕಾಣ್ತಿತ್ತು. ಕೂತಿದ್ದೋರ ಸಾಲಿನ ಮಧ್ಯೆ ಬಗ್ಗಿ ಬಗ್ಗಿ ನಡ್ಕೊಂಡು, ಒಬ್ಬೊಬ್ಬನ ಗಂಟಲೂ ನೋಡ್ಕೊಂಡು ಬರ್ತಾವ್ನೆ... ಅವಳ ಕಡೆ ತಿರುಗ್ತಾ ಇಲ್ಲ. ಬತ್ತಿಹೋದ ಬಾಟಲನ್ನ ಯಾರು ನೋಡ್ತಾರೆ?

ಅವಳ ಮುಖ ನಾನು ಸಾಯೋವರೆಗೂ ಮರೆಯಲ್ಲ ಕಣ್ರಪ್ಪಾ. ಭಯ ಇರ್ಲಿಲ್ಲ. ಗಂಡ ಇನ್ನೊಬ್ಬಳ ಮನೆ ಮೆಟ್ಟಿಲು ಹತ್ತೋದನ್ನ ಬೀದೀಲಿ ನಿಂತು ನೋಡೋ ಹೆಂಗಸಿನ ಮುಖ. “ಅವ್ರನ್ನ ಯಾಕೆ ನೋಡ್ತೀರಿ, ನಾನಿಲ್ವಾ” ಅಂದ್ಳು. ಗಂಜಿ ತಟ್ಟೆ ತಳ್ಳಿ ಓಡಿದ್ಳು. ನಾನು ಮುದುಕ, ಹಿಡಿಯೋಕಾಗುತ್ತಾ? ಅವತ್ತೂ ಬಂದಿದ್ದ ಮೋನಿಕಾ ಕೂಗ್ಕೊಂಡು ಹಿಂದೆ ಓಡಿದ್ಳು. ಅಷ್ಟೊತ್ತಿಗೆ ಮಧುಶ್ರೀ ರಸ್ತೆ ತಿರುವಿನ ಅಂಗಡೀಲಿ ಕೊರಳಿನ ಸರ ಬಿಚ್ಚಿಕೊಟ್ಟು ನಾಲ್ಕು ಬಾಟಲು ತಗೊಂಡು ತೋಟಕ್ಕೆ ನುಗ್ಗಿದ್ಳು. ಬ್ಯಾಟರಿ ಹಾಕಿ ಹುಡುಕಿದಾಗ ಬದುವಿನ ಪಕ್ಕ ಸಿಕ್ಕಿದ್ಳು. ನಾಲ್ಕೂ ಖಾಲಿ. ಉಸಿರಿರ್ಲಿಲ್ಲ. ಬಾಯಿಂದ ಎದೆವರೆಗೂ ಎಣ್ಣೆ ವಾಸನೆ ಹೊಡೀತಿತ್ತು. ಅವತ್ತು ಅವನು ಕುಡಿಯೋಕೆ ಬಂದಿರ್ಲಿಲ್ಲ.

ಮೋನಿಕಾ ಈಗಲೂ ಅವಳಿಗೆ ಎಡೆ ಇಡ್ತಾಳೆ. ಪಾಯಸ, ಹೂವು, ಒಂದು ಸೀರೆ. ಬಾಗಿಲು ತೆಗೆದು ತಿಂದು ನೋಡಿದ್ರೆ ಎಲ್ಲ ರುಚಿಯಾಗೇ ಇರುತ್ತೆ. ಅವಳು ಅಲ್ಲಿಗೆ ಬರಲ್ಲ. ಹಂಗಾದ್ರೆ ಎಲ್ಲಿರ್ತಾಳೆ?

ಹೋದ ವರ್ಷ ಬಿಳಿಗೆರೆ ಕಡೆಯ ಅಂಜನ‍ಪ್ಪ ಅನ್ನೋನು ಇಲ್ಲಿ ಎಂಟು ದಿನ ಇದ್ದು ಹೋದ. ತಿಂಗಳಿಗೆ ಮತ್ತೆ ಕುಡಿದ. ಆಸ್ಪತ್ರೆಲಿ ಮಲಗಿದ್ದಾಗ ನೋಡೋಕೆ ಹೋಗಿದ್ದೆ. “ಮೊದಲ ಗುಟುಕಿಗೆ ಯಾರೋ ತುಟಿ ಒರೆಸಿದಂಗಾಯ್ತು ಅಯ್ನೋರೇ, ತಣ್ಣಗೆ. ಗಾಳಿ ಅಂದ್ಕೊಂಡೆ” ಅಂದ. ಕುತ್ತಿಗೆಗೆ ಬಟ್ಟೆ ಸುತ್ತಿದ್ರು. ನರ್ಸಮ್ಮ ಬಿಚ್ಚಿ ತೋರಿಸಿದ್ಳು. ಗಂಟಲಿನ ಎರಡೂ ಕಡೆ ಉಗುರಿನ ಗೀರು. ಸಣ್ಣ ಉಗುರು... ಗಂಡಸಿನದ್ದಲ್ಲ. ಎರಡು ದಿನಕ್ಕೆ ಅಂಜನಪ್ಪ ಹೋದ. ಆಮೇಲೆ ಇನ್ನೂ ಇಬ್ರ ಕುತ್ತಿಗೆ ನಾನೇ ಕಣ್ಣಾರೆ ನೋಡಿದ್ದೀನಿ.

ಇಲ್ಲಿಂದ ಹೋದ್ಮೇಲೆ ಕುಡಿಯೋದು ಬಿಡೋದು ನಿಮ್ಗೆ ಬಿಟ್ಟಿದ್ದು. ಕಾಂತೇಶನಿಗೆ ಹೆದರಬೇಡಿ, ಅವನಿಗೆ ಎಣ್ಣೆ ಒಂದೇ ಬೇಕು, ನಿಮ್ಮ ಮೇಲೆ ದ್ವೇಷ ಇಲ್ಲ. ಅವನು ಯಾರ ತುಟಿ ಒರೆಸ್ತಾನೋ ಅವರನ್ನ ನೋಡಿ ಸಹಿಸೋಕಾಗದೋಳು ಒಬ್ಳು ಅವನ ಹಿಂದೇನೇ ಬರ್ತಾಳೆ. ಹೆದರೋದಾದ್ರೆ ಅವಳಿಗೆ ಹೆದರಿ.

ಏಕಾಂತಯ್ಯ ಮಾತು ಮುಗಿಸಿ ಮಂಡಿಯ ಮೇಲೆ ಕೈಯೂರಿ ಏಳುವ ಹೊತ್ತಿಗೆ ಬಾಗಿಲು ತೆರೆಯಿತು. ಜ್ಞಾನೇಶ್ ತೊಪ್ಪೆಯಾಗಿ ಒಳಗೆ ಬಂದ. ಹೋಗಿ ಕಾಲು ಗಂಟೆಯಾದರೂ ಆಗಿತ್ತು. ಮೂರು ದಿನದಿಂದ ಲೋಟ ಹಿಡಿಯಲಾರದೆ ನಡುಗುತ್ತಿದ್ದ ಅವನ ಕೈ ಈಗ ನೆಟ್ಟಗಿತ್ತು. ಯಾರ ಮುಖವನ್ನೂ ನೋಡದೆ, “ಮಳೆ ಜೋರು” ಎಂದು ಗೊಣಗಿ, ಅವನು ಬೆನ್ನ ಹಿಂದಿನ ಬಾಗಿಲನ್ನು ಎಳೆದುಕೊಳ್ಳಲು ಹೋದ.

ಮುದುಕ ಅವನನ್ನು ನೋಡಲಿಲ್ಲ. ಅವನ ಭುಜದಾಚೆ ನೋಡುತ್ತ ಮೆಲ್ಲಗೆ ಹೇಳಿದರು.

“ಈಗಲೇ ಹಾಕ್ಬೇಡ ಕಣಪ್ಪ. ನಿನ್ನ ಹಿಂದೆ ಬಂದೋಳು ಇನ್ನೂ ಹೊಸ್ತಿಲ ಮೇಲೇ ನಿಂತವ್ಳೆ.”